ಸ್ವೋಪಚಾರ ಮೀಮಾಂಸೆ ಅಥವಾ ಕಾವಲುಗಾರನ ಊಟದ ಹೊತ್ತು

ತನ್ನನ್ನು ತಾನು ನೋಡಿಕೊಳ್ಳುವುದು ಹೇಗೆ ಎಂಬ ಶಾಸ್ತ್ರಕ್ಕೆ ಈಚೆಗೆ ಇರುವಷ್ಟು ವಿದ್ವಾಂಸರು ಬೇರೆ ಯಾವ ಶಾಸ್ತ್ರಕ್ಕೂ ಇಲ್ಲ. ಅದಕ್ಕೊಂದು ಹಬ್ಬವೂ ಉಂಟು, ಜುಲೈ 24. ದಿನಕ್ಕೆ 24 ಗಂಟೆ, ವಾರಕ್ಕೆ 7 ದಿನ ಎಂಬ ಲೆಕ್ಕದಿಂದ ಹುಟ್ಟಿದ ತಿಥಿಯಾದ್ದರಿಂದ ಯಾವ ಪಂಚಾಂಗದಲ್ಲೂ ಸಿಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಿ ಪ್ರಮಾಣಗ್ರಂಥದ ಕೊರತೆಯನ್ನೂ ನೀಗಿಸಿದೆ. ಇಷ್ಟಾದರೂ ಮೂಲ ಸಂಶಯವೊಂದು ಬಗೆಹರಿದಿಲ್ಲ. ಲೋಕದಲ್ಲಿ ಚಲಾವಣೆಯಲ್ಲಿರುವ ನೂರಾರು ಉಪಚಾರಗಳಲ್ಲಿ ಯಾರಿಗೆ ಯಾವುದು ಒಗ್ಗುತ್ತದೆ ಎಂದು ಗೊತ್ತುಮಾಡುವುದು ಹೇಗೆ? ಎಲ್ಲರಿಗೂ ಒಂದೇ ಪಟ್ಟಿ ಸಾಕು ಎನ್ನುವುದು ಒಂದು ಮತ. ಅವರವರ ಇಷ್ಟ ಅವರವರಿಗೆ ಎಂದು ಕೈತೊಳೆದುಕೊಳ್ಳುವುದು ಇನ್ನೊಂದು ಮತ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಕಣ್ಣಿಗೆ ಕಾಣುವ ಸಾಕ್ಷ್ಯದ ಬಲದಿಂದ ಇವೆರಡನ್ನೂ ಖಂಡಿಸಿ ಮೂರನೆಯ ಮತವೊಂದನ್ನು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶ. ಚಳ್ಳಕೆರೆಯನ್ನೂ ಮೊಳಕಾಲ್ಮೂರನ್ನೂ ಬಿಟ್ಟದ್ದೇಕೆ ಎಂದು ಅಲ್ಲಿಯವರು ಕೇಳಬಹುದು. ವಿದ್ವಾಂಸರು ತಮ್ಮನ್ನು ತಮ್ಮ ಪಾಡಿಗೆ ಬಿಟ್ಟಿದ್ದಾರೆ ಎಂಬುದೇ ಅವರ ಪಾಲಿಗೆ ಬಂದ ಆರೈಕೆ ಎಂದು ತಿಳಿಯತಕ್ಕದ್ದು.

ಮೊದಲು ಪೂರ್ವಪಕ್ಷ. ಬೆಳಗಿನ ಜಾವ 5ಕ್ಕೆ ಏಳಬೇಕು, ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಬೇಕು, ದಿನಕ್ಕೆ 8 ಲೋಟ ನೀರು, 10,000 ಹೆಜ್ಜೆ, ನಡುವೆ ತನಗೆಂದೇ ಅರ್ಧ ಗಂಟೆ ಎತ್ತಿಡಬೇಕು, ರಾತ್ರಿ 10ಕ್ಕೆ ದೀಪ ಆರಿಸಬೇಕು. ಈ ಪಟ್ಟಿಯನ್ನು ಅಪೌರುಷೇಯ ಎಂದೇ ಒಪ್ಪಬೇಕಾಗಿದೆ, ಏಕೆಂದರೆ ಮುಂಜಾನೆಯ ವಾಟ್ಸಾಪಿನಲ್ಲಿ ಗುಲಾಬಿ ಹೂವಿನ ಸಮೇತ ಪ್ರಕಟವಾಗುವ ಇದನ್ನು ಬರೆದವರು ಯಾರು ಎಂಬುದು ಕಳಿಸಿದವರಿಗೂ ತಿಳಿದಿಲ್ಲ. ಹೆಜ್ಜೆಯ ಋಕ್ಕಿಗೆ ಮಾತ್ರ ಋಷಿ ಪತ್ತೆಯಾಗಿದ್ದಾನೆ. 1965ರಲ್ಲಿ ಜಪಾನಿನ ಅಂಗಡಿಗಳಿಗೆ ಮಾನ್ಪೊಕೇ ಎಂಬ ಹೆಜ್ಜೆ ಎಣಿಸುವ ಯಂತ್ರವೊಂದು ಬಂತು. ಹತ್ತು ಸಾವಿರ ಎಂಬ ಸಂಖ್ಯೆ ಅದರ ಹೆಸರಿನಲ್ಲೇ ಇತ್ತು. ಸಂಖ್ಯೆ ಮೊದಲು ಮಾರಾಟಕ್ಕೆ ಬಂದು ಸಂಶೋಧನೆ ಅದರ ಬೆನ್ನಿಗೆ ಓಡಿಬಂದ ಅಪರೂಪದ ಪ್ರಕರಣ ಇದು. ಈಗ ಅದರ ಹೊಸ ಅವತಾರವೊಂದನ್ನು ಹಿರಿಯೂರಿನ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿರುವ ಹೆಂಗಸಿನ ಸೊಂಟಕ್ಕೆ ಸಿಕ್ಕಿಸೋಣ. ಆಕೆ ಕುಕ್ಕರಗಾಲಿನಲ್ಲಿ ಕೂತು, ಎಡಗೈಯಲ್ಲಿ ಗಿಡ ಸರಿಸುತ್ತ ಬಲಗೈಯ ಕುರುಚಿಗೆಯಿಂದ ಕಳೆ ಮೀಟುತ್ತ, ಸಾಲಿನ ಈ ತುದಿಯಿಂದ ಆ ತುದಿಗೆ ಸರಿದು ಹೋಗುತ್ತಾಳೆ. ಒಂದು ಹೆಜ್ಜೆಯನ್ನೂ ಎತ್ತಿಡುವುದಿಲ್ಲ. ಯಂತ್ರದ ತೀರ್ಪಿನ ಪ್ರಕಾರ ಆಕೆ ದಿನವಿಡೀ ಸೋಮಾರಿಯಾಗಿ ಕೂತಿದ್ದಾಳೆ. ಸಂಜೆ ಆರಕ್ಕೆ ಅದು ಗುಂಯ್‌ಗುಟ್ಟಿ, ಎದ್ದು ಸ್ವಲ್ಪ ಓಡಾಡಿ ಎಂದು ಬುದ್ಧಿ ಹೇಳುತ್ತದೆ.

ನೀರಿನ ವಿಚಾರ ಇನ್ನೂ ಆಳದ್ದು. 8 ಲೋಟ ಎಂದವರು ಯಾವ ನೀರು ಎಂದು ಹೇಳಲಿಲ್ಲ. ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು. ಗ್ರಾನೈಟು ಜಾತಿಯ ಬಂಡೆಗಳ ಬಿರುಕಿನಲ್ಲಿ ಬಹುಕಾಲ ನಿಂತ ನೀರು ಬಂಡೆಯಲ್ಲಿರುವ ಫ್ಲೋರೈಡನ್ನು ತನ್ನೊಳಗೆ ಕರಗಿಸಿಕೊಳ್ಳುತ್ತದೆ. ಮಳೆ ಕಡಿಮೆಯಾಗಿ ಕೊಳವೆಬಾವಿ ಆಳಕ್ಕಿಳಿದಷ್ಟೂ ಅಂಥ ನೀರೇ ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ಗತಿಯಿಲ್ಲದಿದ್ದರೆ 1.5ರ ತನಕ ಎಂದು ಭಾರತೀಯ ಮಾನಕ ಹೇಳುತ್ತದೆ. ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಬೆನ್ನು ಕೀಲುಗಳ ಬಿಗಿತ. ಇಂಥ ಊರಿನಲ್ಲಿ ನಾಲ್ಕು ಲೋಟ ಕುಡಿಯುತ್ತಿದ್ದವರಿಗೆ ಎಂಟು ಲೋಟ ಕುಡಿಸಿದರೆ ಉಪಚಾರವೂ ಇಮ್ಮಡಿಯಾಗುತ್ತದೆ, ಫ್ಲೋರೈಡೂ ಇಮ್ಮಡಿಯಾಗುತ್ತದೆ. ಆದ್ದರಿಂದ ಇಲ್ಲಿನ ನಿಜವಾದ ಸ್ವೋಪಚಾರ ಕ್ರಿಯೆ ನಡೆಯುವುದು ಊರಾಚೆಯ ಶುದ್ಧ ನೀರಿನ ಘಟಕದ ಮುಂದೆ. ಟಿವಿಎಸ್ ಗಾಡಿಯ ಎರಡೂ ಮಗ್ಗುಲಿಗೆ ಖಾಲಿ ಕ್ಯಾನು ನೇತುಹಾಕಿಕೊಂಡು ಬಂದವರು ನಾಣ್ಯ ಹಾಕುತ್ತಾರೆ. ನಾಣ್ಯ ಸಿಕ್ಕಿಕೊಳ್ಳುತ್ತದೆ. ಪೆಟ್ಟಿಗೆಯ ನೆತ್ತಿಗೆ ಅಂಗೈಯಿಂದ ಎರಡು ಬಾರಿಸುತ್ತಾರೆ. ನೀರು ಬರುತ್ತದೆ. ಈ ಮುದ್ರೆ ಯಾವ ಯೋಗಗ್ರಂಥದಲ್ಲೂ ನಮೂದಾಗಿಲ್ಲ. ಹಲ್ಲು ಮೂಳೆಗಳ ರಕ್ಷಣೆಗೆ ಇದಕ್ಕಿಂತ ಫಲಕಾರಿಯಾದ ಹಸ್ತಕ್ರಿಯೆ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ನಿದ್ರೆಯ ಸೂತ್ರವೂ ಇಲ್ಲಿ ನಿಲ್ಲುವುದಿಲ್ಲ. ತೋಟದ ಪಂಪುಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿಯ ಪ್ರಕಾರ ಬರುವುದರಿಂದ, ಹೊಸದುರ್ಗದ ದಾಳಿಂಬೆ ಬೆಳೆಗಾರನ ಬ್ರಾಹ್ಮೀ ಮುಹೂರ್ತವನ್ನು ಗೊತ್ತುಮಾಡುವುದು ಸೂರ್ಯನಲ್ಲ, ಫೀಡರು. ರಾತ್ರಿ ಪಾಳಿ ಇದ್ದ ವಾರ ಆತ ಮಲಗುವ ಹೊತ್ತಿಗೆ ಪಟ್ಟಿಯವರು ಏಳುತ್ತಿರುತ್ತಾರೆ. ಅವರಿಬ್ಬರೂ ಪರಸ್ಪರ ಶುಭೋದಯ ಹೇಳಿಕೊಳ್ಳಬಹುದು, ಅಷ್ಟೇ.

ಇದು ಹೊಸ ಪಟ್ಟಿಯ ದೋಷ, ಹಳೆಯ ಶಾಸ್ತ್ರ ಎಲ್ಲರಿಗೂ ಒಪ್ಪುವಂಥದ್ದು ಎಂದು ಪೂರ್ವಪಕ್ಷಿಯು ಆಯುರ್ವೇದದ ಮೊರೆ ಹೋಗಬಹುದು. ಹೋಗಲಿ. ಅಲ್ಲಿ ಅವನಿಗೆ ಇನ್ನೂ ದೊಡ್ಡ ತೊಡಕು ಕಾದಿದೆ. ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕು ಎಂದು ವಾಗ್ಭಟ ಹೇಳಿದ್ದು ಆರೋಗ್ಯವಂತನಿಗೆ. ಆ ಒಂದು ವಿಶೇಷಣ ಫಾರ್ವರ್ಡ್ ಆಗುವ ದಾರಿಯಲ್ಲಿ ಎಲ್ಲೋ ಬಿದ್ದುಹೋಗಿದೆ. ದಿನಾ ಮೈಗೆ ಎಣ್ಣೆ ಹಚ್ಚಿಕೊಳ್ಳಬೇಕು ಎಂದ ಅವನೇ ಕಫ ಕೆರಳಿದವರಿಗೆ, ಅಜೀರ್ಣವಾದವರಿಗೆ ಎಣ್ಣೆ ಬೇಡ ಎಂದೂ ಹೇಳಿದ್ದಾನೆ. ವ್ಯಾಯಾಮವನ್ನು ಅರ್ಧ ಶಕ್ತಿಯಷ್ಟೇ ಮಾಡಬೇಕು, ಅದೂ ಚಳಿಗಾಲ ಮತ್ತು ವಸಂತದಲ್ಲಿ; ಉಳಿದ ಕಾಲದಲ್ಲಿ ಇನ್ನೂ ಕಡಿಮೆ. ಏಪ್ರಿಲ್ ತಿಂಗಳ ಮಧ್ಯಾಹ್ನ ದುರ್ಗದ ಕೋಟೆ ಹತ್ತುವವರಿಗೆ ತಮ್ಮ ಅರ್ಧ ಶಕ್ತಿ ಯಾವ ಸುತ್ತಿನಲ್ಲಿ ಮುಗಿಯಿತು ಎಂಬುದು ಬಂಡೆಯ ಕಾವಿನಲ್ಲೇ ತಿಳಿಯುತ್ತದೆ, ಆದರೆ ಉಳಿದರ್ಧ ಇಳಿಯುವುದಕ್ಕೆ ಬೇಕು ಎಂಬುದು ಮರೆತಿರುತ್ತದೆ. ಚರಕನಂತೂ ಸಾತ್ಮ್ಯ ಎಂಬ ವಿಚಾರವನ್ನೇ ಎತ್ತಿ, ಒಬ್ಬನಿಗೆ ಬಹುಕಾಲದ ಅಭ್ಯಾಸದಿಂದ ಒಗ್ಗಿದ್ದು ಇನ್ನೊಬ್ಬನಿಗೆ ಒಗ್ಗಲೇಬೇಕೆಂದಿಲ್ಲ ಎಂಬ ಜಾಗಕ್ಕೆ ಬಂದು ನಿಂತಿದ್ದಾನೆ. ತಡೆಹಿಡಿಯಬಾರದ 13 ವೇಗಗಳನ್ನೂ ಆತ ಹೆಸರಿಸಿದ್ದಾನೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ನಿದ್ರೆ ಮೊದಲಾದವು ಅವು. ಗಂಟೆಗಟ್ಟಲೆ ಹಳ್ಳಿಯ ಬಸ್ಸಿನಲ್ಲಿ ಕೂತು ಸಂತೆಗೆ ಬರುವ ಹೆಂಗಸು ಈ ಹದಿಮೂರರಲ್ಲಿ ಎಷ್ಟನ್ನು ತಡೆಯುತ್ತಾಳೆ ಎಂದು ಲೆಕ್ಕ ಹಾಕಿದರೆ, ಆಕೆಗೆ ಬೇಕಾದ ಪ್ರಥಮ ಸ್ವೋಪಚಾರ ಧ್ಯಾನವಲ್ಲ, ಬಾಗಿಲಿಗೆ ಚಿಲಕವೂ ಒಳಗೆ ನೀರೂ ಇರುವ ಒಂದು ಶೌಚಾಲಯ ಎಂದು ಚರಕನೇ ಬರೆದುಕೊಡುತ್ತಿದ್ದ.

ಹಾಗಾದರೆ ಎರಡನೆಯ ಮತವೇ ಗೆದ್ದಿತಲ್ಲ, ಯಾರಿಗೆ ಯಾವುದು ಹಿತವೋ ಅದನ್ನು ಮಾಡಲಿ ಎಂದು ಕೆಲವರು ಚಪ್ಪಾಳೆಗೆ ಕೈ ಎತ್ತಬಹುದು. ಕೈ ಇಳಿಸಬೇಕಾಗಿ ವಿನಂತಿ. ಹೊಸದುರ್ಗ ರೋಡ್ ಎಂಬ ರೈಲು ನಿಲ್ದಾಣ ಹೊಸದುರ್ಗ ಪಟ್ಟಣದಲ್ಲಿಲ್ಲ. ಬೋರ್ಡು ನಂಬಿ ಇಳಿದವರು ಅಲ್ಲಿಂದ ಮತ್ತೊಂದು ಬಸ್ಸು ಹಿಡಿಯಬೇಕು. ತನಗೆ ಹಿತ ಎಂಬ ಬೋರ್ಡು ಕಂಡಲ್ಲಿ ಇಳಿಯುವವರ ಪಾಡೂ ಇದೇ. ಹಿತವಾದದ್ದು ಸಿಕ್ಕಿತು, ಸರಿ. ಅದನ್ನು ಮಾಡುವ ಹೊತ್ತಿನಲ್ಲಿ ಅವರ ಪಾಲಿನ ಕೆಲಸವನ್ನು ಮಾಡುತ್ತಿರುವವರು ಯಾರು? ಈ ಪ್ರಶ್ನೆಯನ್ನು ಎರಡೂ ಮತದವರು ಕೇಳಿಲ್ಲ. ಈ ಪ್ರಬಂಧದ ಸಿದ್ಧಾಂತ ಇರುವುದೇ ಇಲ್ಲಿ, ಇದನ್ನು ಬದಲಿ ಸಿದ್ಧಾಂತ ಎಂದು ಕರೆಯಲಾಗಿದೆ. ಒಂದು ಉಪಚಾರ ಒಬ್ಬರಿಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಅವರ ಮೈ, ಮನಸ್ಸು, ಅಭಿರುಚಿಗಳು ಅರ್ಧ ಮಾತ್ರ ತೀರ್ಮಾನಿಸುತ್ತವೆ. ಉಳಿದರ್ಧವನ್ನು ತೀರ್ಮಾನಿಸುವುದು ಅವರಿಗೆ ಬದಲಿ ಇದ್ದಾರೋ ಇಲ್ಲವೋ ಎಂಬುದು.

ಸಿದ್ಧಾಂತಕ್ಕೆ ಆಧಾರ ಚಿತ್ರದುರ್ಗದ ಕೋಟೆಯಲ್ಲೇ ಇದೆ. ಒನಕೆ ಓಬವ್ವನ ಕಥೆಯನ್ನು ಈ ತನಕ ಶೌರ್ಯದ ದೃಷ್ಟಿಯಿಂದ, 1972ರ 'ನಾಗರಹಾವು' ಸಿನಿಮಾ ಬಂದ ಮೇಲೆ ಜಯಂತಿಯವರ ಅಭಿನಯದ ದೃಷ್ಟಿಯಿಂದಲೂ ನೋಡಿದ್ದಾರೆ. ಊಟದ ದೃಷ್ಟಿಯಿಂದ ಯಾರೂ ನೋಡಿಲ್ಲ. ಹೈದರಾಲಿಯ ಸೈನ್ಯ ಮುತ್ತಿಗೆ ಹಾಕಿದ ಕಾಲ. ಕಹಳೆಯ ಮುದ್ದಹನುಮ ಎಂದು ಜನ ನೆನೆಯುವ ಕಾವಲುಗಾರ ಮಧ್ಯಾಹ್ನ ಬತ್ತೇರಿಯಿಂದ ಇಳಿದು ಮನೆಗೆ ಉಣ್ಣಲು ಬರುತ್ತಾನೆ. ಸ್ವೋಪಚಾರದ ಯಾವ ಅಳತೆಯಿಂದ ನೋಡಿದರೂ ಆ ಊಟ ನಿರ್ದೋಷವಾದದ್ದು: ಹೊತ್ತಿಗೆ ಸರಿಯಾಗಿ, ಮನೆಯ ಅಡಿಗೆ, ನೆಲದ ಮೇಲೆ ಕೂತು, ಅವಸರವಿಲ್ಲದೆ. ಕುಡಿಯಲು ನೀರು ಬೇಕೆಂದಾಗ ಮಾತ್ರ ಏರ್ಪಾಟಿನ ಬಿರುಕು ಕಾಣುತ್ತದೆ. ನೀರು ತರಲು ಹೊಂಡಕ್ಕೆ ಹೋದ ಅವನ ಹೆಂಡತಿ ಓಬವ್ವ, ಒಬ್ಬೊಬ್ಬರೇ ನುಸುಳಿ ಬರಬಹುದಾದ ಕಿಂಡಿಯಲ್ಲಿ ಶತ್ರುವಿನ ತಲೆ ಕಾಣುತ್ತಾಳೆ. ಉಣ್ಣುತ್ತಿದ್ದವನನ್ನು ಎಬ್ಬಿಸದೆ ಒನಕೆ ಹಿಡಿದು ನಿಲ್ಲುತ್ತಾಳೆ. ಒಬ್ಬನ ಊಟ ಕೆಡದಂತೆ ಇನ್ನೊಬ್ಬರು ಮಾಡಿದ ಕೆಲಸದ ಪ್ರಮಾಣ ಎಷ್ಟು ಎಂಬುದು ಆಮೇಲೆ ಬಂದು ನೋಡಿದವರಿಗೆ ಹೆಣಗಳ ರಾಶಿಯಿಂದ ತಿಳಿಯಿತು. ಆಕೆ ಅಂದೇ ಸತ್ತಳು. ಇಡೀ ಪ್ರಕರಣದಲ್ಲಿ ಊಟ ಮುಗಿಸಿದವನು ಒಬ್ಬ, ಊಟ ಮಾಡಿದ್ದು ದಾಖಲಾಗದವಳು ಒಬ್ಬಳು.

ಇಲ್ಲಿ ತೀವ್ರವಾದ ಆಕ್ಷೇಪ ಬರುತ್ತದೆ. ಹಸಿದ ಕಾವಲುಗಾರ ಉಣ್ಣಬಾರದಿತ್ತೇ? ಉಣ್ಣಲೇಬೇಕಿತ್ತು. ಹಸಿವೂ ತಡೆಯಬಾರದ ವೇಗಗಳಲ್ಲಿ ಒಂದು ಎಂದು ಮೇಲೆಯೇ ಹೇಳಿದೆ. ಹಸಿದ ಕಣ್ಣಿಗೆ ಕಿಂಡಿಯೂ ಕಾಣುವುದಿಲ್ಲ, ಶತ್ರುವೂ ಕಾಣುವುದಿಲ್ಲ. ತಪ್ಪು ಇರುವುದು ಊಟದಲ್ಲಲ್ಲ, ಪಾಳಿಯಲ್ಲಿ. ಬತ್ತೇರಿಯಿಂದ ಒಬ್ಬ ಇಳಿದಾಗ ಹತ್ತಬೇಕಾದ ಇನ್ನೊಬ್ಬ ಈ ಕಥೆಯಲ್ಲಿ ಇಲ್ಲವೇ ಇಲ್ಲ. ಏಳು ಸುತ್ತಿನ ಕೋಟೆ, ಮದ್ದು ಬೀಸುವ ದೈತ್ಯ ಕಲ್ಲುಗಳು, ಬೆಟ್ಟದ ನೆತ್ತಿಗೂ ನೀರು ನಿಲ್ಲಿಸಿದ ಹೊಂಡಗಳ ಸಾಲು, ಇಷ್ಟನ್ನೂ ಕಟ್ಟಿದ ಆಡಳಿತ ಮಧ್ಯಾಹ್ನದ ಒಂದು ಗಂಟೆಗೆ ಬದಲಿ ಆಳನ್ನು ನೇಮಿಸಲಿಲ್ಲ. ನೇಮಿಸದೆ ಬಿಟ್ಟ ಜಾಗಕ್ಕೆ ಸಂಬಳವಿಲ್ಲದ ಒಬ್ಬಳು ತಾನಾಗಿ ಬಂದು ನಿಂತಳು. ಅಂಥವಳನ್ನು ವೀರವನಿತೆ ಎಂದು ಕರೆದು ಪ್ರತಿಮೆ ನಿಲ್ಲಿಸುವುದು ಸರಿಯೇ; ಹುದ್ದೆ ಖಾಲಿ ಇತ್ತು ಎಂಬುದನ್ನೂ ಪೀಠದ ಮೇಲೆ ಕೆತ್ತಿಸಿದರೆ ಇತಿಹಾಸಕ್ಕೆ ಉಪಕಾರವಾದೀತು.

ಎರಡನೆಯ ಆಧಾರ ಹಿರಿಯೂರಿನ ಬಳಿಯ ಮಾರಿಕಣಿವೆ ಜಲಾಶಯ. ಸ್ವೋಪಚಾರ ಗ್ರಂಥಗಳು ಬಹುವಾಗಿ ಮೆಚ್ಚುವ ಒಂದು ವಾದವಿದೆ, ಮೊದಲು ನಿಮ್ಮ ಪಾತ್ರೆ ತುಂಬಿ ತುಳುಕಲಿ, ತುಳುಕಿದ್ದನ್ನಷ್ಟೇ ಬೇರೆಯವರಿಗೆ ಕೊಡಿ ಎಂದು. ಪರೀಕ್ಷೆಗೆ ಯೋಗ್ಯವಾದ ಪಾತ್ರೆ ಕರ್ನಾಟಕದಲ್ಲಿ ಇದಕ್ಕಿಂತ ಬೇರೆ ಸಿಗದು. ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿದ ಈ ಅಣೆಕಟ್ಟಿಗೆ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ವಾಣಿವಿಲಾಸ ಸನ್ನಿಧಾನದವರ ಹೆಸರು. ತುಂಬಿದರೆ 130 ಅಡಿ, ಸುಮಾರು 30 ಟಿಎಂಸಿ. ತುಂಬಿದ್ದು 1933ರಲ್ಲಿ. ಆಮೇಲೆ ತುಂಬಿ ಕೋಡಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ, 89 ವರ್ಷಗಳ ಬಳಿಕ. ನಡುವೆ ತಳ ಕಾಣುವಷ್ಟು ಇಳಿದ ವರ್ಷಗಳೂ ಇದ್ದವು. ತುಳುಕುವ ವಾದವನ್ನು ಈ ಜಲಾಶಯ ನಂಬಿದ್ದರೆ ಹಿರಿಯೂರಿನ ಗದ್ದೆ ತೋಟಗಳು ಮೂರು ತಲೆಮಾರು ಒಣಗಿರಬೇಕಿತ್ತು, ಹಿರಿಯೂರು, ಚಿತ್ರದುರ್ಗ, ಚಳ್ಳಕೆರೆಯ ನಲ್ಲಿಗಳಲ್ಲಿ ಗಾಳಿ ಬರಬೇಕಿತ್ತು. ಅದು ಅರ್ಧ ತುಂಬಿದಾಗಲೂ ಕೊಟ್ಟಿತು, ಕಾಲು ತುಂಬಿದಾಗಲೂ ಕೊಟ್ಟಿತು. ಕೊಡಬಾರದಷ್ಟು ಇಳಿದಾಗಲೂ ಕೊಟ್ಟಿತು ಎಂಬುದು ಅದರ ಹೆಗ್ಗಳಿಕೆಯಲ್ಲ, ಅದಕ್ಕೆ ಬದಲಿ ಇರಲಿಲ್ಲ ಎಂಬುದರ ಸಾಕ್ಷಿ. ಕೊನೆಗೂ ಅದು ಚೇತರಿಸಿಕೊಂಡದ್ದು ಹೇಗೆ? ಒಳ್ಳೆಯ ಮಳೆ ಬಂತು, ನಿಜ; ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ಪಂಪುಗಳು ಇನ್ನೊಂದು ನದಿಯ ನೀರನ್ನು ಎತ್ತಿ ತಂದು ಸುರಿದವು. ಸ್ವಂತ ಬಲದಿಂದ ಮೇಲೆದ್ದ ಮಹಾಪುರುಷರ ಚರಿತ್ರೆ ಬರೆಯುವವರು ಈ ಪಂಪುಗಳ ವಿಚಾರವನ್ನು ಸಾಮಾನ್ಯವಾಗಿ ಅನುಬಂಧಕ್ಕೆ ತಳ್ಳುತ್ತಾರೆ.

ತುಂಬಿದ ಮೇಲೆ ಆದದ್ದು ಇನ್ನೂ ಉಪಯುಕ್ತ. ಕೋಡಿ ನೋಡಲು ಜಾತ್ರೆಯಂತೆ ಜನ ನೆರೆದರು, ಹಿರಿಯೂರಿನಲ್ಲಿ ಸಂಭ್ರಮ. ಅದೇ ಹೊತ್ತಿಗೆ ಹಿನ್ನೀರು ಏರಿ ಹೊಸದುರ್ಗ ತಾಲ್ಲೂಕಿನ ಹಳ್ಳಿಗಳ ತೋಟ, ಹೊಲ, ಮನೆಗಳ ತನಕ ಬಂತು. ನೀರಿನ ಮಟ್ಟ 130ರ ತನಕ ಏರಲೇಬಾರದು ಎಂದು ಒಂದು ತಾಲ್ಲೂಕು, ಒಂದಡಿಯೂ ಇಳಿಸಬಾರದು ಎಂದು ಇನ್ನೊಂದು ತಾಲ್ಲೂಕು. ಒಂದೇ ನೀರು, ಒಂದೇ ಅಳತೆಗೋಲು. ಈ ಜಗಳದಲ್ಲಿ ತೀರ್ಪು ಕೊಡುವ ಅಧಿಕಾರ ಪ್ರಬಂಧಕ್ಕಿಲ್ಲ. ಒಬ್ಬರು ತುಂಬಿಕೊಳ್ಳುವಾಗ ಹಿನ್ನೀರು ಯಾರ ಹಿತ್ತಲಿಗೆ ನುಗ್ಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯದೆ ಆರೈಕೆಯ ಯಾವ ಶಾಸ್ತ್ರವೂ ಪೂರ್ತಿಯಾಗುವುದಿಲ್ಲ ಎಂಬಷ್ಟನ್ನು ಇಲ್ಲಿಂದ ಎತ್ತಿಕೊಂಡರೆ ಸಾಕು.

ಇಲ್ಲಿ ಪ್ರಾಚೀನತೆಯ ಅಭಿಮಾನಿಗಳು ಅಡ್ಡ ಬರುತ್ತಾರೆ. ದುರ್ಗದ ಕೋಟೆಯೊಳಗೆ ಎಣ್ಣೆಕೊಳ, ತುಪ್ಪದ ಕೊಳಗಳಿವೆ, ಆದ್ದರಿಂದ ನಾಯಕರ ಕಾಲದಲ್ಲೇ ಸಾರ್ವಜನಿಕ ಅಭ್ಯಂಗ ಕೇಂದ್ರಗಳಿದ್ದವು ಎಂಬುದು ಅವರ ವಾದ. ಮುತ್ತಿಗೆಯ ಕಾಲಕ್ಕೆಂದು ಕೂಡಿಟ್ಟ ದಾಸ್ತಾನನ್ನು ಮೈಗೆ ಹಚ್ಚಿಕೊಳ್ಳಲು ಯಾವ ಉಗ್ರಾಣದವನೂ ಬಿಡುವುದಿಲ್ಲವಾದ್ದರಿಂದ ವಾದ ನಿಲ್ಲದು. ಅವರದೇ ಇನ್ನೊಂದು ಮಾತು ಹೆಚ್ಚು ಅಪಾಯಕಾರಿ. ಹಿಂದಿನ ಹೆಂಗಸರು ಬೀಸಿ, ಕುಟ್ಟಿ, ಬಿಂದಿಗೆ ಹೊತ್ತು ಗಟ್ಟಿಮುಟ್ಟಾಗಿದ್ದರು, ಕೆಲಸವೇ ಅವರ ಯೋಗ, ಅವರಿಗೆ ಬೇರೆ ಆರೈಕೆ ಯಾಕೆ ಎಂಬುದು ಆ ಮಾತು. ಇದನ್ನು ಹೇಳುವವರಲ್ಲಿ ಬೀಸಿದವರು ಯಾರೂ ಇಲ್ಲ ಎಂಬುದೇ ಸಾಕಷ್ಟು ಖಂಡನೆ. ಕೋಟೆಯ ಮದ್ದು ಬೀಸುವ ಕಲ್ಲುಗಳನ್ನು ಸುತ್ತಿಸಿದ ಪ್ರಾಣಿಗಳ ಸೊಂಟಕ್ಕೆ ಅದರಿಂದ ಒಳ್ಳೆಯದಾಯಿತು ಎಂದು ಇಂದಿಗೂ ಯಾರೂ ವಾದಿಸಿಲ್ಲ. ಪ್ರಾಣಿಗೆ ಇಲ್ಲದ ಈ ವಾದ ಹೆಂಗಸಿಗೆ ಮಾತ್ರ ಯಾಕೆ ಬಂತು ಎಂಬುದು ವಿಚಾರಣೀಯ.

ಹೊಳಲ್ಕೆರೆ ಸುತ್ತಿನಲ್ಲಿ, ಅತ್ತ ಭೀಮಸಮುದ್ರದ ಕಡೆ, ಕೊಯ್ಲಿನ ಕಾಲಕ್ಕೆ ಅಡಿಕೆ ಸುಲಿಯಲು ಕೂತವರನ್ನು ನೋಡಿದರೆ ಸಿದ್ಧಾಂತ ಇನ್ನೂ ನಿಚ್ಚಳವಾಗುತ್ತದೆ. ಒಂದು ಕಾಲು ಚಾಚಿ, ಒಂದು ಕಾಲು ಮಡಚಿ, ಕತ್ತಿಯ ಅಲಗಿಗೆ ಹಸಿ ಅಡಿಕೆ ಒತ್ತಿ ಸಿಪ್ಪೆ ಬಿಡಿಸುವುದು. ಹೆಬ್ಬೆರಳಿಗೆ ಹಳೆ ಸೀರೆಯ ಚೂರು ಸುತ್ತಿರುತ್ತಾರೆ, ಬೆರಳ ಸಂದಿಯಲ್ಲೆಲ್ಲ ಕಪ್ಪಗಿನ ಕಲೆ, ಸೋಪಿಗೆ ಬಗ್ಗದ್ದು. ಕೂಲಿ ಕಿಲೋ ಲೆಕ್ಕದ್ದು. ಇವರಿಗೆ ಯಾವ ಉಪಚಾರ ಬೇಕು ಎಂಬುದು ಇವರಿಗೆ ಚೆನ್ನಾಗಿ ಗೊತ್ತಿದೆ: ಗಂಟೆಗೊಮ್ಮೆ ಎದ್ದು ಬೆನ್ನು ನೆಟ್ಟಗೆ ಮಾಡಬೇಕು, ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಬೇಕು. ಅಭಿರುಚಿಯ ಗೊಂದಲ ಕಿಂಚಿತ್ತೂ ಇಲ್ಲ. ಆದರೆ ಎದ್ದಷ್ಟು ಹೊತ್ತು ತಕ್ಕಡಿ ಏರುವುದಿಲ್ಲ, ಎಣ್ಣೆ ಹಚ್ಚಿದ ಬೆರಳು ಕತ್ತಿಯ ಮೇಲೆ ಜಾರುತ್ತದೆ. ಆದ್ದರಿಂದ ಅವರು ಕೈಯನ್ನು ಬಿಟ್ಟು ಬಾಯಿಗೆ ಒಗ್ಗುವ ಉಪಚಾರವನ್ನು ಆರಿಸಿಕೊಂಡಿದ್ದಾರೆ, ಮಾತು. ಊರಿನ ಎಲ್ಲ ಮನೆಗಳ ಸೊಸೆಯಂದಿರ, ಅತ್ತೆಯಂದಿರ ವಿಚಾರ ಅಲ್ಲಿ ಅಡಿಕೆಯ ಜೊತೆಗೇ ಸುಲಿದು ಬೀಳುತ್ತದೆ. ಕೆಲಸ ನಿಲ್ಲಿಸದೆ ಮಾಡಬಹುದಾದ, ಬದಲಿ ಬೇಡದ ಏಕೈಕ ಉಪಚಾರ ಇದು. ಇದನ್ನು ಹರಟೆ ಎಂದು ಹಗುರ ಮಾಡುವವರು ತಮ್ಮ ಧ್ಯಾನಶಿಬಿರದ ಶುಲ್ಕದ ರಸೀದಿಯನ್ನೊಮ್ಮೆ ನೋಡಿಕೊಳ್ಳಬೇಕು.

ಬಲವಾದ ಪ್ರತಿವಾದ ಹೊಳಲ್ಕೆರೆ ತಾಲ್ಲೂಕಿನಿಂದಲೇ ಬರುವಂಥದ್ದು, ಅದನ್ನು ತಪ್ಪಿಸಿಕೊಂಡು ಹೋಗುವುದು ನ್ಯಾಯವಲ್ಲ. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮೀಜಿ ಅಸಂಖ್ಯ ಜನಕ್ಕೆ ಯೋಗಾಸನ, ವ್ಯಾಯಾಮ ಕಲಿಸಿದರು. ಎಲ್ಲರಿಗೂ ಅದೇ ಆಸನ, ಅದೇ ಪ್ರಾಣಾಯಾಮ. ಒಂದೇ ಪಟ್ಟಿ ಎಲ್ಲರಿಗೂ ಒಗ್ಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಬೇಕು. ಅವರು 1943ರಲ್ಲಿ ಕಟ್ಟಿದ ಸಂಸ್ಥೆಯ ಹೆಸರು ಅನಾಥ ಸೇವಾಶ್ರಮ. ಆಸನ ಕಲಿಸಿದ ಕೈಯೇ ಆಯುರ್ವೇದದ ಔಷಧ ಕೊಟ್ಟಿತು, ಶಾಲೆ ಕಟ್ಟಿಸಿತು, ಜೋಳಿಗೆ ಹಿಡಿದು ಬೇಡಿತು. ಬರೆಯುವಾಗ ತಮ್ಮನ್ನು ತಿರುಕ ಎಂದು ಕರೆದುಕೊಂಡರು. ಔಷಧ ಕೊಡುವಾಗ ಒಬ್ಬೊಬ್ಬರ ನಾಡಿಯನ್ನೂ ಬೇರೆ ಬೇರೆಯಾಗಿ ನೋಡದೆ ವಿಧಿಯಿಲ್ಲ, ಅಲ್ಲಿಗೆ ಒಂದೇ ಪಟ್ಟಿಯ ಮಾತು ಮುಗಿಯಿತು. ಅದಕ್ಕಿಂತ ಮುಖ್ಯವಾದದ್ದು, ಅನಾಥ ಎಂದರೆ ಬದಲಿಯೇ ಇಲ್ಲದ ಜೀವ. ಅಂಥವರಿಗೆ ಒಂದು ಸಂಸ್ಥೆಯೇ ಬದಲಿಯಾಗಿ ನಿಂತ ಮೇಲೆ ಸೂರ್ಯನಮಸ್ಕಾರ ಒಗ್ಗಿತು. 1996ರಲ್ಲಿ ಅವರು ತೀರಿಕೊಂಡ ಮೇಲೆ ಬಂದ ಯೋಗದ ವ್ಯಾಪಾರಿಗಳು ಚಾಪೆಯನ್ನು ಇಟ್ಟುಕೊಂಡರು, ಜೋಳಿಗೆಯನ್ನು ಬಿಟ್ಟರು.

ಸ್ತ್ರೀವಾದಿಗಳ ಕಡೆಯಿಂದ ಬೇರೊಂದು ಆಕ್ಷೇಪ ಏಳಬಹುದು, ಅದು ತೂಕದ್ದು. ಅಮೆರಿಕದ ಕರಿಯ ಕವಯಿತ್ರಿ ಆಡ್ರೆ ಲಾರ್ಡ್ ಕ್ಯಾನ್ಸರಿನ ನಡುವೆ ಬರೆದು 1988ರಲ್ಲಿ ಪ್ರಕಟಿಸಿದ 'ಎ ಬರ್ಸ್ಟ್ ಆಫ್ ಲೈಟ್' ಪುಸ್ತಕದಲ್ಲಿ, ತನ್ನಂಥವಳು ತನ್ನನ್ನು ನೋಡಿಕೊಳ್ಳುವುದು ಶೋಕಿಯಲ್ಲ, ಬದುಕಿ ಉಳಿಯುವ ರಾಜಕೀಯ ಎಂಬ ವಾದ ಹೂಡಿದಳು. ಬದಲಿ ಬರುವ ತನಕ ಕಾಯಿರಿ ಎಂದರೆ ಓಬವ್ವಂದಿರು ಸಾಯುವ ತನಕ ಕಾಯಬೇಕಾಗುತ್ತದಲ್ಲವೇ? ಹೌದು. ಆದ್ದರಿಂದಲೇ ಬದಲಿ ಸಿದ್ಧಾಂತ ಕಾಯಿರಿ ಎಂದು ಹೇಳುವುದಿಲ್ಲ. ಎದ್ದು ಹೋಗಿ, ಖಾಲಿಯಾದ ಜಾಗ ಎದ್ದು ಕಾಣಲಿ ಎನ್ನುತ್ತದೆ. ಇದಕ್ಕೆ ಪ್ರಯೋಗಸಿದ್ಧ ಉದಾಹರಣೆ ಹೊಸದುರ್ಗ ತಾಲ್ಲೂಕಿನ ಹಾಲುರಾಮೇಶ್ವರಕ್ಕೆ ಹೊರಟ ಹೆಂಗಸರು. ಅಲ್ಲಿನ ಗಂಗೆಯ ಕೊಳದ ಮುಂದೆ ಕೂತು ಬೇಡಿಕೊಂಡರೆ ನೀರಿನೊಳಗಿಂದ ಕಾಯಿಯೋ ಹಣ್ಣೋ ಎಲೆಯೋ ಹೂವೋ ತೇಲಿಬರುತ್ತದೆ, ಬಂದದ್ದೇ ಪ್ರಸಾದ ಎಂಬುದು ಭಕ್ತರ ನಂಬಿಕೆ. ಪಟ್ಟಿ ಹಂಚುವವರು ಗಮನಿಸಬೇಕು: ಪಕ್ಕದವಳಿಗೆ ಬಂದದ್ದೇ ತನಗೂ ಬರಲಿ ಎಂದು ಅಲ್ಲಿ ಹಟ ಹಿಡಿಯುವಂತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಹೆಂಗಸರಿಗೆ ಉಚಿತವಾದ ಮೇಲೆ ಇಂಥ ಕ್ಷೇತ್ರಗಳಿಗೆ ಹೊರಟ ಬಸ್ಸುಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಪುಕ್ಕಟೆ ಸಿಕ್ಕಿತೆಂದು ಸುತ್ತುತ್ತಾರೆ ಎಂದು ಕಟ್ಟೆಯ ಮೇಲಿನ ಪಂಡಿತರು ಗೊಣಗಿದರು. ಅವರ ಗೊಣಗಾಟವನ್ನು ಸೂಕ್ಷ್ಮವಾಗಿ ಪರಿಶೀಲಿಸಿದರೆ ಅದರ ಅಡಿಯಲ್ಲಿ ಸಿಗುವ ಪ್ರಶ್ನೆ ಟಿಕೇಟಿನದಲ್ಲ, ಮಧ್ಯಾಹ್ನದ ಮುದ್ದೆಯದು. ಮುದ್ದೆ ಕಟ್ಟಬೇಕಾದ ಕೈ ಆ ದಿನ ಬಸ್ಸಿನ ಕಂಬಿ ಹಿಡಿದಿತ್ತು.

ಕೊನೆಯ ಆಕ್ಷೇಪ ವ್ಯಾವಹಾರಿಕವಾದದ್ದು. ಬದಲಿಯನ್ನು ತರುವುದು ಎಲ್ಲಿಂದ? ದುಡ್ಡಿದ್ದವರು ಕೆಲಸದವರನ್ನು ಇಟ್ಟುಕೊಳ್ಳುತ್ತಾರೆ, ಆಗ ಕೆಲಸದವಳಿಗೆ ಬದಲಿ ಯಾರು ಎಂಬ ಅನವಸ್ಥಾ ದೋಷ ಬರುತ್ತದೆ. ಇದಕ್ಕೆ ಪರಿಹಾರವನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಲ್ಲ. ಬಿತ್ತನೆ, ಕಳೆ, ಕೊಯ್ಲಿನ ಕಾಲಕ್ಕೆ ಇವತ್ತು ನಮ್ಮ ಹೊಲಕ್ಕೆ ನೀವು, ನಾಳೆ ನಿಮ್ಮ ಹೊಲಕ್ಕೆ ನಾವು ಎಂಬ ಮುಯ್ಯಾಳಿನ ಪದ್ಧತಿ ಇಲ್ಲಿನ ರೈತರಿಗೆ ಗೊತ್ತಿರುವಂಥದ್ದೇ. ಅದನ್ನು ಹೊಲದಿಂದ ಅಡಿಗೆಮನೆಗೆ, ರೋಗಿಯ ಮಂಚದ ಪಕ್ಕಕ್ಕೆ, ಮಗುವಿನ ತೊಟ್ಟಿಲಿಗೆ ವಿಸ್ತರಿಸುವುದಷ್ಟೇ ಬಾಕಿ. ಹಾಗೆ ವಿಸ್ತರಿಸಿದ ಮೇಲೆ ಯಾರು ಕೋಟೆ ಹತ್ತುತ್ತಾರೋ, ಯಾರು ಚಂದ್ರವಳ್ಳಿಯಲ್ಲಿ ನಡೆಯುತ್ತಾರೋ, ಯಾರು ಸಾಣೇಹಳ್ಳಿಗೆ ಹೋಗಿ ನಾಟಕ ನೋಡುತ್ತಾರೋ, ಯಾರು ಹಗಲೆಲ್ಲ ಚಾಪೆಯ ಮೇಲೆ ಸುಮ್ಮನೆ ಬಿದ್ದಿರುತ್ತಾರೋ ಅದು ಅವರಿಗೆ ಬಿಟ್ಟದ್ದು, ಶಾಸ್ತ್ರ ಅಲ್ಲಿಗೆ ತಲೆಹಾಕದು. ತೊಡಕು ಒಂದೇ. ಮುಯ್ಯಿಯ ನಿಯಮದಂತೆ ಪಡೆದದ್ದನ್ನು ಆಳಿಗೆ ಆಳಾಗಿ ತೀರಿಸಬೇಕು. ಮನೆಯೊಳಗಿನ ಕೆಲಸದ ಲೆಕ್ಕ ತೆಗೆದರೆ ಗಂಡಸರ ಖಾತೆಯಲ್ಲಿ ಹಲವು ತಲೆಮಾರಿನ ಬಾಕಿ ಬರುತ್ತದೆ. ಅಸಲಿಗೆ ಬಡ್ಡಿ ಹಾಕಬೇಕೋ ಬೇಡವೋ ಎಂಬುದನ್ನು ಆಯಾ ಊರಿನವರೇ ಕೂತು ತೀರ್ಮಾನಿಸಿಕೊಳ್ಳಬಹುದು. ಬಾಕಿ ಮನ್ನಾ ಕೋರಿ ಅರ್ಜಿ ಹಾಕುವವರು ಅರ್ಜಿಯನ್ನು ಸ್ವಂತ ಕೈಯಿಂದ ಬರೆಯತಕ್ಕದ್ದು. ಮನೆಯಾಕೆಯ ಕೈಲಿ ಬರೆಸಿದ, ಅಥವಾ ಬರೆಯುತ್ತ ಕೂತಾಗ ಆಕೆಯಿಂದ ಕಾಫಿ ತರಿಸಿಕೊಂಡ ಅರ್ಜಿಗಳನ್ನು ಪರಿಗಣಿಸಲಾಗುವುದಿಲ್ಲ.